ಭೀಮವ್ವಾಯಿ ಮುಷ್ಟಿಯೊಳಗಿನ ಕುಂಕುಮ

“ಯಾರೂ ಬಗ್ಗಬ್ಯಾಡ್ರಿ! ಬೋಟ್ ಹೊರಳ್ತೈತಿ!” ಅಂತ ಮಾವ ಒದರಿದ. ಅವ ಮುಂದ ಗಳ ಹಿಡಿದು ಕಲ್ಲು ನೋಡಾಕತ್ತಿದ್ದ, ಮೋಟರಿನ ಹಿಡಿಕಿ ನನ್ನ ಕೈಯಾಗಿತ್ತು. ಡ್ಯಾಮಿನ ಗೇಟ್ ತೆಗೆದಿದ್ರು, ನಡುಗಡ್ಡ್ಯಾಗಿನ ಮಂದಿನ್ನ ಊರಿಗೆ ಕರ್ಕೊಂಡು ಹೊಂಟಿದ್ವಿ. ನಮ್ಮೂರ ಹಳ್ಳ ಕೃಷ್ಣಾ ಹೊಳಿಗೆ ಕೂಡೋ ಬಾಯಾಗ ತೆರಿ ಈಚಲಗಿಡದಷ್ಟು ಎದ್ದಿದ್ವು. ಆತು ಬಿಡ್ರಿ, ನನ್ನ ಎದಿಮಟ ಇದ್ವು. ದಂಡಿ ಮುಟ್ಟಾಕ ಅದೊಂದ ದಾರಿ.

ನಡುಗಡ್ಡ್ಯಾಗ ಕುರಿ ಕಾಯೋ ಭೀಮವ್ವಾಯಿ, ಜ್ವರದಾಗ ಸುಡೋ ಮೊಮ್ಮಗಳನ್ನ ತೊಡಿ ಮ್ಯಾಲ ಹಾಕ್ಕೊಂಡು ಬೋಟಿನಾಗ ಕುಂತಿದ್ಲು. ಆ ಹಳ್ಳದ ಬಾಯಿ ದಾಟುವಾಗ ಒಂದ ಬದಿಗೆ ಬಗ್ಗಿ ಗಂಗವ್ವಗ ಕುಂಕುಮ ಹಾಕೋದು ನಮ್ಮ ಕಡಿ ರೂಢಿ. ಎಲ್ಲಾರೂ ಬಗ್ಗೇಬಿಟ್ಟಿದ್ರು. ನೀರು ಒಳಗ ನುಗ್ತು.

ಎಲ್ಲಾರಿಗಿಂತ ಮೊದಲು ಆಯಿನೇ ಕುಂಕುಮದ ಮುಷ್ಟಿ ಬಿಗಿ ಹಿಡಿದು ಹಿಂದ ಸರಿದು ಕುಂತ್ಲು. “ಹಾಕದಿದ್ರ ಗಂಗವ್ವ ಸಿಟ್ಟಾಗ್ತಾಳ” ಅಂದ್ರು ಯಾರೋ.

“ಆಗ್ಲಿ ಬಿಡು, ಆಕಿನೂ ಹೆಣ್ಣ, ಕೂಸಿನ ಸಂಕಟ ತಿಳೀತೈತಿ. ನೀ ನಡಸೋ ಬಡಾಯಿಕೋರ!” ಅಂದ್ಲು ಆಯಿ, ನನ್ನ ಕಡಿ ತಿರುಗಿ.

ಎಲ್ಲಾರೂ ನಡುವ ಕುಂತ್ರು. ದೊಡ್ಡ ತೆರಿ ಒಂದು ಮುಂದ ಬಿಟ್ಟು, ಅದರ ಬೆನ್ನಿಗೇ ಬೋಟ್ ಓಡಿಸ್ದೆ. ಅಡ್ಡ ತಿರುಗಿದ್ರ ಮುಗೀತಿತ್ತು, ಅದಕ್ಕ ಸ್ಪೀಡ್ ಇಳಿಸ್ಲಿಲ್ಲ. ಹಳ್ಳದೊಳಗ ಬಂದ ಮ್ಯಾಲ ನೀರು ಸುಮ್ಮನಾತು.

ಕೂಸಿನ್ನ ಎತ್ಕೊಂಡು ಮಾವ ದವಾಖಾನಿ ಕಡಿ ಓಡಿದ. ಅವನ ಹಿಂದ ಓಡೋ ಮೊದಲು ಆಯಿ ಮುಷ್ಟಿ ಬಿಚ್ಚಿದ್ಲು. ತೊಯ್ದ ಕುಂಕುಮ ಮೊದಲು ಮೋಟರಿಗೆ, ಆಮ್ಯಾಲ ನನ್ನ ಹಣಿಗೆ ಹಚ್ಚಿದ್ಲು.

ಕೂಸು ಈಗ ಆರಾಮ ಐತಿ. ತೆರಿ ಈಚಲಗಿಡದಷ್ಟಿದ್ವು ಅಂತ ದೋಸ್ತರ ಮುಂದ ಇನ್ನೂ ಹೇಳ್ಕೋತ ಅಡ್ಡಾಡ್ತೇನಿ. ಆ ಕುಂಕುಮದ ಮಾತಿಗೆ ಮಾತ್ರ ಏನೂ ಕೂಡಿಸಂಗಿಲ್ಲ.