ಯದುಲ್ಲಾನ ಎದೆಯ ಎರಡು ಚಿತ್ರ

ಯದುಲ್ಲಾನ ಎದೆಯಲ್ಲಿ ಬಡಿದುಕೊಳ್ಳುತ್ತಿದ್ದದ್ದು ಅವನ ಹೃದಯವಲ್ಲ. ವರಾಮೀನ್ ಊರಿನ ಪೂಯಾ ಎಂಬ ಯುವಕ ಮೋಟಾರ್ ಸೈಕಲ್ಲಿನಿಂದ ಬಿದ್ದು ಮೆದುಳು ಸತ್ತಾಗ, ಅವನ ತಾಯಿ ಸೊಘ್ರಾ ಖಾನುಂ ಸಹಿ ಹಾಕಿ ಕೊಟ್ಟದ್ದು. ಟೆಹರಾನಿನ ಪಕ್ಕದ ರೇ ಪಟ್ಟಣದಲ್ಲಿ ರಜಾಯಿ ಹೊಲಿಯುತ್ತಿದ್ದ ಯದುಲ್ಲಾ ಅದನ್ನು ಆರು ವರ್ಷ, ಒಳ್ಳೆಯ ಬಾಡಿಗೆದಾರ ಮನೆ ನೋಡಿಕೊಳ್ಳುವ ಹಾಗೆ, ಗೋಡೆಗೆ ಒಂದು ಮೊಳೆ ಹೊಡೆಯದೆ ನೋಡಿಕೊಂಡ. ಕುರಿಯ ಕೊಬ್ಬು ಬಿಟ್ಟ, ಉಪ್ಪು ಬಿಟ್ಟ, ಹೆಂಡತಿ ತೂಬಾಳ ಜೊತೆ ಜಗಳವನ್ನೂ ಬಿಟ್ಟ. ಕೊನೆಯದು ವೈದ್ಯರು ಹೇಳಿದ್ದಲ್ಲ, ತೂಬಾ ಹೇಳಿದ್ದು.

ಕೂರಿಸಿದ ಹೃದಯಕ್ಕೆ ನರಗಳು ಕಡಿದುಹೋಗಿರುತ್ತವೆ. ಅದರ ರಕ್ತನಾಳ ಕಿರಿದಾದರೂ ನೋವು ತಿಳಿಯುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಯಂತ್ರದಡಿ ಮಲಗಿಸಿ ಎರಡು ಚಿತ್ರ ತೆಗೆಯುತ್ತಾರೆ: ಒಂದು ಸುಮ್ಮನಿದ್ದಾಗ, ಇನ್ನೊಂದು ನಾಳಗಳನ್ನು ಹಿಗ್ಗಿಸುವ ಮದ್ದು ಚುಚ್ಚಿದ ಮೇಲೆ. ಹಿಗ್ಗದ ನಾಳ ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಹಿಂದಿನ ದಿನದಿಂದ ಚಹಾ ಮುಟ್ಟಬಾರದು. ಮುಟ್ಟಿದರೆ ಮದ್ದು ನಾಟುವುದಿಲ್ಲ. ಎರಡು ಚಿತ್ರವೂ ಒಂದೇ ಥರ ಬಂದು ಎಲ್ಲ ಸರಿಯಿದೆ ಎನ್ನುತ್ತವೆ. ನಮ್ಮಂಥವರು ಮಧ್ಯಾಹ್ನದೊಳಗೇ ಕೈಚೆಲ್ಲುತ್ತೇವೆ. ಯದುಲ್ಲಾ ಪ್ರತಿಸಲವೂ ಹಲ್ಲುಕಚ್ಚಿ ಗೆದ್ದಿದ್ದ.

ಆ ವರ್ಷ ಪರೀಕ್ಷೆಯ ಹಿಂದಿನ ಸಂಜೆಯೇ ಪೂಯಾ ತೀರಿಕೊಂಡ ದಿನದ ವರ್ಷದ ಪ್ರಾರ್ಥನೆ ಬಿತ್ತು. ಸತ್ತವರ ಮನೆಯ ಚಹಾ ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಸೊಘ್ರಾ ಖಾನುಂ ತಾನೇ ಲೋಟ ತಂದಳು.

"ಕುಡಿ ಮಗಾ. ಅವನಿಗೂ ಕಡುಚಹಾ ಅಂದ್ರೆ ಪ್ರಾಣ. ನಿನ್ನೊಳಗೆ ಕೂತು ಅವನೂ ಕುಡೀಲಿ."

ತನಗಿಂತ ಎರಡೇ ವರ್ಷ ದೊಡ್ಡವಳಿಂದ ಮಗನೆನಿಸಿಕೊಳ್ಳುವುದು ಅವನಿಗೆ ರೂಢಿಯಾಗಿತ್ತು.

"ನಾಳೆ ಪರೀಕ್ಷೆ ಅಂತ ಹೇಳ್ರೀ," ತೂಬಾ ಪಿಸುಗುಟ್ಟಿದಳು.

"ಏನಂತ ಹೇಳ್ಲಿ? ನಿಮ್ಮ ಮಗನ ಹೃದಯ ಕೆಟ್ಟಿದೆಯಾ ಅಂತ ನೋಡಿಸೋಕೆ ಹೋಗ್ತಿದೀನಿ ಅಂತ್ಲಾ?"

ಎರಡು ಲೋಟ ಕುಡಿದ.

ಬೆಳಿಗ್ಗೆ ನರ್ಸು ಕೇಳಿದಳು. "ಯಜಮಾನ್ರೇ, ಚಹಾ ಗಿಹಾ? ನಿಜ ಹೇಳಿ, ಯಂತ್ರಕ್ಕೆ ಗೊತ್ತಾಗಲ್ಲ."

ಕುಡಿದೆನೆಂದರೆ ಮತ್ತೆ ಸರದಿ ಬರಲು ನಾಲ್ಕು ತಿಂಗಳು ಕಾಯಬೇಕು. "ಇಲ್ಲಮ್ಮಾ," ಅಂದ.

ವರದಿ ಚೆನ್ನಾಗಿ ಬಂತು. ಸೊಘ್ರಾ ಖಾನುಂ ನೆರೆಮನೆಗಳಿಗೆಲ್ಲ ಕೇಸರಿ ಹಾಕಿದ ಪಾಯಸ ಹಂಚಿದಳು.

ಎಂಟು ತಿಂಗಳಿಗೆ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ಕೂತೇ ನಿದ್ದೆ ಮಾಡುವಂತಾಯಿತು. ಆಸ್ಪತ್ರೆಯಲ್ಲಿ ಕೊಳವೆ ಹಾಕಿ ನೋಡಿದರೆ ನಾಳಗಳು ಬುಡದಿಂದ ತುದಿವರೆಗೆ ದಾರದೆಳೆಯಂತಾಗಿದ್ದವು.

"ಆ ಚಿತ್ರ ಎಷ್ಟು ಚೆನ್ನಾಗಿತ್ತಲ್ರೀ!" ಅಂದರು ಡಾಕ್ಟರು.

ಯದುಲ್ಲಾ ಸೂರು ನೋಡುತ್ತ ಎಲ್ಲ ಹೇಳಿಬಿಟ್ಟ.

ಡಾಕ್ಟರು ಹಳೆಯ ವರದಿಯನ್ನು ಮಡಚಿಟ್ಟರು. "ಆಗಲೇ ಗೊತ್ತಾಗಿದ್ರೆ ಮದ್ದು ಬದಲಾಯಿಸಿ ತಡೀಬಹುದಿತ್ತೇನೋ. ಈಗ ಇನ್ನೊಂದು ಹೃದಯ ಸಿಕ್ಕರೂ ನಿಮ್ಮ ಮೂತ್ರಪಿಂಡ ತಡಕೊಳ್ಳಲ್ಲ."

"ಹೊರಗೆ ಈ ಹೃದಯ ಕೊಟ್ಟ ಹುಡುಗನ ತಾಯಿ ಕೂತಿದ್ದಾಳೆ. ಅವಳಿಗೆ ಚಹಾದ ವಿಷಯ ಹೇಳಬೇಡಿ."

"ಮತ್ತೇನು ಹೇಳ್ಲಿ?"

"ಮಾತ್ರೆ ಸರಿಯಾಗಿ ನುಂಗದೆ ಹಾಳುಮಾಡಿಕೊಂಡ ಅನ್ನಿ. ನನ್ನನ್ನ ಬೈಕೊಳ್ಳಲಿ."

ಡಾಕ್ಟರು ಹಾಗೆಯೇ ಹೇಳಿದರು. ಸೊಘ್ರಾ ಖಾನುಂ ಒಳಗೆ ಬಂದವಳು ಮಂಚದ ತುದಿಯಲ್ಲೇ ನಿಂತಳು.

"ಒಂದು ಮಾತ್ರೆ ನುಂಗೋಕೆ ಆಗ್ಲಿಲ್ವಾ ನಿನಗೆ? ನನ್ನ ಮಗನ್ನ ಎರಡನೇ ಸಲ ಕೊಂದೆ."

ಪಕ್ಕದಲ್ಲಿ ಕೂತಿದ್ದ ತೂಬಾ ನಿಜ ಹೇಳಲು ಬಾಯಿ ತೆರೆದಳು. ಯದುಲ್ಲಾ ಹೊದಿಕೆಯಡಿಯಿಂದ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡ. ಸೊಘ್ರಾ ಖಾನುಂ ಹೊರಗೆ ಹೋಗುವವರೆಗೂ ಬಿಡಲಿಲ್ಲ.