ಅರ್ಧ ಪಾಠದ ಉಪವಾಸ

ನೀರಿನಲ್ಲಿ ಅದ್ದಿದ ಪ್ಲಾಸ್ಟರ್ ಬಟ್ಟೆಗೆ ಒಂದು ವಾಸನೆ ಇರುತ್ತದೆ, ಆಗಷ್ಟೇ ಸುಣ್ಣ ಬಳಿದ ಕೋಣೆಯ ಹಾಗೆ. ಬೀದರಿನ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ನಾನು ನರ್ಸ್. ದಿನವೂ ಅದೇ ವಾಸನೆ, ಮೂಗಿಗೆ ತಾಗುವುದೇ ಇಲ್ಲ. ಮೊನ್ನೆ ಹದಿನೈದು ದಿನದ ರಜೆ ಮುಗಿಸಿ ವಾರ್ಡಿಗೆ ಕಾಲಿಟ್ಟಾಗ ಮಾತ್ರ ತಟ್ಟನೆ ತಾಗಿತು. ಅದರ ಹಿಂದೆಯೇ ನಮ್ಮ ಬಯಾಲಜಿ ಮೇಡಂ ನೆನಪಾದರು...

ಭಾಲ್ಕಿಯಲ್ಲಿ ನಾನು ಪಿಯುಸಿ ಓದುವಾಗ ಅವರು ಪಾಠ ಮಾಡುತ್ತಿದ್ದರು. ಔರಾದಿನವರು. ಜೀವಕೋಶದ ಮಾತು ಶುರುವಾದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಮೂಳೆ ಕಟ್ಟುವ ಕೋಶ ತನ್ನ ಸುತ್ತ ತಾನೇ ಗೋಡೆ ಕಟ್ಟುತ್ತ ಕೊನೆಗೆ ಒಳಗೇ ಸಿಕ್ಕಿಕೊಳ್ಳುತ್ತದೆ, ಆದರೂ ವರ್ಷಗಟ್ಟಲೆ ಬದುಕುತ್ತದೆ ಎಂದು ಒಂದು ದಿನ ಹೇಳಿದರು. ತನ್ನೊಳಗಿನ ಸವೆದ, ಕೆಟ್ಟ ಭಾಗಗಳನ್ನು ತಾನೇ ಅರಗಿಸಿಕೊಂಡು, ಅದರಿಂದಲೇ ಬೇಕಾದ್ದನ್ನು ಮಾಡಿಕೊಳ್ಳುತ್ತದಂತೆ. ಅದಕ್ಕೆ ಆಟೊಫಜಿ, ಅಂದರೆ ಸ್ವಭಕ್ಷಣೆ ಎನ್ನುತ್ತಾರೆ. ಅದು ಕೈಕೊಟ್ಟರೆ ಮೂಳೆ ಸೊರಗುತ್ತದೆ. "ಅದು ಜಾಸ್ತಿ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?" ಎಂದು ನಾನೇ ಕೇಳಿದೆ. ಪುಸ್ತಕ ಮಡಚುತ್ತ, "ಉಪಾಸ ಮಾಡು" ಎಂದು ನಕ್ಕು ಹೊರಟುಹೋದರು.

ಮರುವಾರವೇ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡೆ. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಭಾತಂಬ್ರಾದ ನಮ್ಮ ಮನೆಯಲ್ಲಿ ಮಲಗಿದವಳಿಗೆ ಆ ಪಾಠ ನೆನಪಾಗದೆ ಇರುತ್ತದೆಯೇ? ಓದುವ ಹುಡುಗಿ ಬೇರೆ! ಅವ್ವ ಬೆಳಿಗ್ಗೆ ತಂದಿಡುತ್ತಿದ್ದ ರೊಟ್ಟಿಯನ್ನು ಕಿಟಕಿಯಾಚೆ ಕಟ್ಟಿದ್ದ ಆಡಿಗೆ ಕೊಡತೊಡಗಿದೆ. ಆಡು ಮೈತುಂಬಿಕೊಂಡಿತು. ನನ್ನ ಮೂಳೆ ಒಂದೂವರೆ ತಿಂಗಳಾದರೂ ಕೂಡಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಆಗದಿದ್ದರೆ ಕೊಯ್ದು ರಾಡು ಹಾಕಬೇಕು, ನಡಿಗೆ ಮೊದಲಿನಂತಾಗುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ರಾತ್ರಿಯ ಊಟವನ್ನೂ ಬಿಟ್ಟೆ.

ನೋಡಲು ಬಂದ ಮೇಡಂಗೆ ಹೆಮ್ಮೆಯಿಂದಲೇ ಹೇಳಿದೆ: "ನೀವು ಹೇಳಿದಂಗೇ ಉಪಾಸ ಮಾಡ್ಲತ್ತೀನ್ರಿ ಮೇಡಂ."

ಅವರ ಮುಖ ಬಿಳಿಚಿಕೊಂಡಿತು. ಅವ್ವನನ್ನು ಕರೆದು, "ತಪ್ಪು ನಂದೇ ಅದರಿ. ಅರ್ಧಾ ಪಾಠ ಹೇಳಿ ಬಿಟ್ಟೀನ್ರಿ" ಎಂದು ಎಲ್ಲವನ್ನೂ ವಿವರಿಸಿದರು.

ಅವ್ವ ಕಿಟಕಿಯ ಕಡೆ ನೋಡಿ, "ಅದಕ್ಕೇ ಆ ಆಡು ಹಂಗ ದಪ್ಪ ಆಗ್ಯಾದ!" ಎಂದಳು.

ಮೇಡಂ ನಗಲಿಲ್ಲ. ನನ್ನ ಕಡೆ ತಿರುಗಿದರು. "ಹಳೇ ಗ್ವಾಡಿ ಕೆಡವಿ, ಅದೇ ಮಣ್ಣು ನೆನಸಿ ಹೊಸ ಗ್ವಾಡಿಗಿ ಹಾಕ್ತಾರ, ಖರೆ. ಆದ್ರ ಕಲ್ಲು, ನೀರು ಹೊರಗಿಂದ ತರಬೇಕೋ ಬ್ಯಾಡೋ? ನೀ ಉಂಡ್ರೂ ಕೋಶ ತನ್ನ ಕೆಲಸ ದಿನಾ ಮಾಡ್ತದ. ಉಣ್ಣು ಮೊದಲ." ನಾನು ರೊಟ್ಟಿ ಮುಗಿಸುವವರೆಗೂ ಅವರು ಎದ್ದು ಹೋಗಲಿಲ್ಲ.

ಅಲ್ಲಿಂದ ಪ್ರತಿ ರವಿವಾರ ಚರ್ಚಿನಿಂದ ನೇರವಾಗಿ ಭಾತಂಬ್ರಾ ಬಸ್ಸು ಹಿಡಿದು ಬರುತ್ತಿದ್ದರು, ಕೈಯಲ್ಲಿ ಬೇಯಿಸಿದ ಮೊಟ್ಟೆಗಳ ಡಬ್ಬಿ. ಕಾಲೇಜಿನಲ್ಲೂ ತಮ್ಮ ತಪ್ಪನ್ನು ಹೇಳಿಕೊಂಡು ಆ ಪಾಠವನ್ನು ಮತ್ತೆ ಮಾಡಿದರಂತೆ. ತಿಂಗಳಾದ ಮೇಲೆ ಎಕ್ಸ್‌ರೇ ತೆಗೆಸಲು ನಮ್ಮ ಜೊತೆ ಬೀದರಿಗೂ ಬಂದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಕೂಡ್ಯಾದ" ಎಂದರು. ಮುರಿದ ಜಾಗದ ಸುತ್ತ ತೆಳು ಮೋಡದಂಥ ಹೊಸ ಮೂಳೆ ಕಾಣುತ್ತಿತ್ತು. ಅವ್ವ ಕೈಮುಗಿದಳು. ಮೇಡಂ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತೇಬಿಟ್ಟರು. "ಇವತ್ತ ನಿದ್ದಿ ಬರ್ತದವ್ವ ನನಗ" ಎಂದರು. ಎದೆಯ ಭಾರ ಇಳಿದದ್ದು ನನಗಿಂತ ಅವರಿಗೇ ಹೆಚ್ಚು.

ಆದರೂ ಪೂರ್ತಿ ಇಳಿದಿರಲಿಲ್ಲವೇನೋ... ಆಮೇಲೆ ಎಲ್ಲಿ ಸಿಕ್ಕರೂ, ನರ್ಸಿಂಗ್ ಮುಗಿಸಿ ಸಿಹಿ ಕೊಡಲು ಹೋದಾಗಲೂ, ಕಡೆಗೆ ನನ್ನ ಮದುವೆಯ ಮಂಟಪದಲ್ಲೂ ಅವರ ಮೊದಲ ಮಾತು ಒಂದೇ: "ನಾಕ್ ಹೆಜ್ಜಿ ನಡಿ, ನೋಡ್ತೇನಿ." ಎಲ್ಲರೆದುರು ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದು ತೋರಿಸಬೇಕು. ನಾಚಿಕೆಯಾಗುತ್ತಿತ್ತು, ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಔರಾದಿನಲ್ಲೇ ಮಣ್ಣು ಮಾಡಿದರು. ಗಾಡಿಯಲ್ಲಿ ಕೂರು ಎಂದು ಅವರ ತಂಗಿ ಕರೆದರೂ ನಾನು ಹತ್ತಲಿಲ್ಲ. ಶವಪೆಟ್ಟಿಗೆಯ ಹಿಂದೆ ಕೊನೆಯವರೆಗೂ ನಡೆದೇ ಹೋದೆ. ಎರಡೂ ಕಾಲು ಸಮವಾಗಿ ಊರುತ್ತಿದ್ದವು.

ಈಗಲೂ ದಿನವಿಡೀ ವಾರ್ಡಿನಲ್ಲಿ ಓಡಾಡುತ್ತೇನೆ. ಹೇಗೆ ನಡೆಯುತ್ತೇನೆಂದು ನೋಡುವವರು ಮಾತ್ರ ಇಲ್ಲ.