ನೇಗಿಲ ಸಾಲಿನಾಚೆಯ ಟಗರು

ನಮ್ಮೂರು ಮಸರಕಲ್ಲಿನ ಕಟ್ಟೆಯ ಮೇಲೆ ಉಳಿದವರು ಹತ್ತಿಯ ಧಾರಣೆ ಕೇಳಲು ರೇಡಿಯೋ ಮುಂದೆ ಕೂತರೆ, ನಮ್ಮಪ್ಪ ಮಾತ್ರ ಅರಬರು, ಯಹೂದಿಗಳು ಎಂಬ ಮಾತು ಬರುವವರೆಗೆ ಕಿವಿ ಹಚ್ಚಿ ಕಾಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಲದ ಬದುವಿಗಾಗಿ ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟವನಿಗೆ ಯಾವುದೋ ದೇಶದ ಶಾಂತಿಯ ಉಸಾಬರಿ ಏಕೆ?

ಕಾರಣವಿತ್ತು. ಕುರಿ ಕಾಯುವ ಮನೆತನದ ಅಪ್ಪ, ನಾನು ಚಿಕ್ಕವಳಿದ್ದಾಗ ಸಿಪಾಯಿಯಾಗಿ ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ಗಾಜಾದಲ್ಲಿ ಗಡಿ ಕಾಯಲು ಹೋಗಿದ್ದ. ಅರಬರು ಮತ್ತು ಇಸ್ರೇಲಿನವರ ನಡುವೆ ಅವನು ಕಾಯುತ್ತಿದ್ದ ಜಾಗದಲ್ಲಿ ಗೋಡೆ ಇರಲಿಲ್ಲ, ಉದ್ದಕ್ಕೂ ಹೊಡೆದ ಒಂದು ನೇಗಿಲ ಸಾಲಿತ್ತು. ಕುರಿಗೆ ಸಾಲು ತಿಳಿಯುವುದುಂಟೇ? ಈ ಕಡೆಯ ಅರಬ್ ಮುದುಕನ ಕುರಿ ಆ ಕಡೆಗೆ, ಆ ಕಡೆಯ ಯಹೂದಿಯ ಕುರಿ ಈ ಕಡೆಗೆ ದಾಟುತ್ತಿದ್ದವು. ಅಪ್ಪ ಕಿವಿಯ ಗುರುತು ನೋಡಿ, ಬೇರ್ಪಡಿಸಿ, ಅವರವರದನ್ನು ಅವರವರಿಗೆ ಕೊಡುತ್ತಿದ್ದ. ಹೀಗೆ ಇಬ್ಬರಿಗೂ ಸಲಿಗೆ ಬೆಳೆಯಿತು. ಆಚೆಗೊಬ್ಬ ಈಚೆಗೊಬ್ಬ ಕುಕ್ಕರುಗಾಲಲ್ಲಿ ಕೂತು ಮೇವಿನ ಬಗ್ಗೆ, ಗೊರಸಿನ ರೋಗದ ಬಗ್ಗೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ.

ಒಂದು ದಿನ ಮುದುಕ ಯಹೂದಿಯ ಬೀಜದ ಟಗರನ್ನು ಎರವು ಕೇಳಿದ. ನಮ್ಮ ಮನೆತನದಲ್ಲಿ ಟಗರು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಯಹೂದಿಯೂ ಇಲ್ಲವೆನ್ನಲಿಲ್ಲ. ಮೇಲಿನವರ ಹುಕುಂ ಮೀರಿ ಅಪ್ಪ ತಾನೇ ಹಗ್ಗ ಹಿಡಿದು ಟಗರನ್ನು ದಾಟಿಸಿದ. ಅದರ ಕಿವಿಯಲ್ಲಿ ಆ ಕಡೆಯ ತಗಡಿನ ಬಿಲ್ಲೆ ಇತ್ತು. ಮುದುಕ ಅದನ್ನು ಕೀಳಲು ಹೋದಾಗ ಅಪ್ಪ ಅವನ ಕೈ ಹಿಡಿದ. ಒಬ್ಬರ ಕುರಿಯ ಗುರುತನ್ನು ಇನ್ನೊಬ್ಬರು ತೆಗೆದರೆ ನಮ್ಮವರಲ್ಲಿ ಅದು ಕಳ್ಳತನ. ಬಿಲ್ಲೆ ಹಾಗೇ ಉಳಿಯಿತು, ಮುದುಕನ ಊರವರ ಕಣ್ಣಿಗೆ ಬಿತ್ತು.

"ಆಮ್ಯಾಲೇನಾತು?" ಎಂದು ಕೇಳಿದರೆ, "ಯುದ್ಧ ಆತು, ನಮ್ಮನ್ನ ವಾಪಸ್ ಕಳಿಸಿದ್ರು. ಮುದುಕ ಬದುಕ್ಯಾನೋ ಇಲ್ಲೋ, ಅದೊಂದು ಗೊತ್ತಾಗಬೇಕವ್ವಾ. ಬಿಲ್ಲಿ ಬಿಡಿಸಾಕ ಬಿಡದಾಂವ ನಾನು" ಎನ್ನುತ್ತಿದ್ದ. ಎಷ್ಟು ಸಲ ಹೇಳಿದನೋ, ಎಲ್ಲ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದ.

ಎಪ್ಪತ್ತರ ದಶಕದ ಕೊನೆಗೆ ಈಜಿಪ್ಟು, ಇಸ್ರೇಲು ಶಾಂತಿಗೆ ಸಹಿ ಹಾಕಿದವೆಂದು ರೇಡಿಯೋ ಹೇಳಿತು. ಅಪ್ಪ ಕಟ್ಟೆಯವರಿಗೆಲ್ಲ ಚಹಾ ಕುಡಿಸಿದ.

"ಯಪ್ಪಾ, ನಿನ್ನ ಮುದುಕನ ಊರು ಆ ಕಾಗದದಾಗ ಎಲ್ಲಿ ಅದ?" ಎಂದು ರೇಗಿದೆ.

"ಕಾಗದಕ್ಕ ಬೆಂಕಿ ಹಚ್ಚು. ಇಬ್ರೂ ಕೂಡಿ ಒಂದು ಕೆಲಸ ಮಾಡಬೇಕು ನೋಡು, ಆವಾಗ ಶಾಂತಿ ನಿಲ್ತದ. ನಾ ಕಣ್ಣಾರೆ ಕಂಡೀನಿ" ಎಂದ. ಕೆಲವೇ ವರ್ಷಗಳಲ್ಲಿ ಅದೇ ರೇಡಿಯೋ ಮತ್ತೆ ಬಾಂಬಿನ ಸುದ್ದಿ ಹೇಳತೊಡಗಿತು.

ಅಷ್ಟು ಹೊತ್ತಿಗೆ ನಾನು ಮಾನ್ವಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ನಮ್ಮ ಶಾಲೆಯ ಗುಮಾಸ್ತರ ತಮ್ಮ ಕುವೈತಿನಲ್ಲಿ ಗಾರೆ ಕೆಲಸದ ಗೌಂಡಿ. ಅವನ ಜೊತೆ ಗಾಜಾ ಕಡೆಯವರೂ ದುಡಿಯುತ್ತಾರೆಂದು ಕೇಳಿ, ಮುದುಕನ ಊರಿನ ಹೆಸರು, ಟಗರಿನ ಕತೆ ಬರೆದುಕೊಟ್ಟು ವಿಚಾರಿಸಲು ಹೇಳಿದೆ. ಮುಂದಿನ ಸಲ ಅವನು ರಜೆಗೆ ಬಂದಾಗ ರಾಯಚೂರಿನ ಬಸ್ ಸ್ಟ್ಯಾಂಡಿಗೇ ಹೋಗಿ ಹಿಡಿದೆ.

"ಸುದ್ದಿ ಛಲೋ ಇಲ್ರೀ ಅಕ್ಕೋರೇ" ಎಂದು ಅವನು ತಲೆ ತಗ್ಗಿಸಿದ. "ಟಗರ ಸಲುವಾಗಿ ಊರವ್ರೇ ಅವನ್ನ ಗದ್ದಾರ, ದ್ರೋಹಿ ಅಂತ ಬಡಿದ್ರಂತ. ಹದಿನೈದು ದಿನದಾಗ ತೀರಿಕೊಂಡ್ನಂತ."

ಅಪ್ಪ ಆಗ ದಮ್ಮಿನಿಂದ ಹಾಸಿಗೆ ಹಿಡಿದಿದ್ದ. "ಬದುಕ್ಯಾನ ಅಂತ ಹೇಳ್ರಿ" ಎಂದೆ.

"ಝೂಟ್ ಹೇಳ್ಲೇನ್ರೀ?"

"ಹೇಳ್ರಿ. ಪಾಪ ನನಗಿರಲಿ."

ಮಸರಕಲ್ಲಿಗೆ ಬಂದು ಅವನು ಹಾಗೇ ಹೇಳಿದ. ಅಪ್ಪ ಗೋಡೆಗೆ ಒರಗಿ ಎದ್ದು ಕೂತ. ಎಷ್ಟೋ ವರ್ಷದ ಮೇಲೆ ಅವನ ಮುಖ ಅರಳಿದ್ದನ್ನು ನೋಡಿ ನನಗೆ ಅಳು ಬಂತು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

"ಟಗರ ತಿರುಗಿ ಕೊಟ್ನಂತೇನಪಾ?"

"ಕೊಟ್ನಂತ ಮಾಮಾ. ಯಹೂದಿ ಕೈಯಾಗೇ ಕೊಟ್ನಂತ."

ಗೌಂಡಿ ಚಹಾ ಕುಡಿದು ಎದ್ದು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದ.

"ಆ ಟಗರನ್ನ ಮುದುಕನ ಬಾಗಿಲ ಮುಂದೇ ಕಡಿದ್ರವ್ವಾ. ಆಮ್ಯಾಲ ಅವನ್ನ ಬಡಿಯಾಕ ಹತ್ತಿದ್ರು. ನಾ ಬಂದೂಕು ಹಿಡಕೊಂಡು ನೋಡ್ಕೋತ ನಿಂತಿದ್ದೆ. ಹೊಡಿಯೋ ಹುಕುಂ ಇರಲಿಲ್ಲ."

"ತಪ್ಪಾತು ಯಪ್ಪಾ" ಎಂದು ಅವನ ಕಾಲು ಹಿಡಿದು ಅತ್ತೆ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟ.

"ಮರುದಿನ ಯಹೂದಿ ಸಾಲಿನ ಹತ್ರ ಬಂದು ನಿಂತಿದ್ದ. ಟಗರ ಕೇಳಲಿಲ್ಲವ್ವಾ. ಮುದುಕ ಹೆಂಗದಾನ ಅಂತ ಕೈಸನ್ನಿ ಮಾಡಿದ. ಆರಾಮ ಅದಾನ ಅಂತ ನಾನೂ ನಿನ್ನಂಗ ಸುಳ್ಳು ಹೇಳಿದೆ."